ಕಂಪನಿಯೇ ಬರೆಸಿದ ಪರಿಸರ ವರದಿ: ಬೇರೆ ದೇಶಗಳಲ್ಲೂ ಹೀಗೆಯೇ?

ಪ್ರಶ್ನೆ: ನಾನು ಉತ್ತರ ಕನ್ನಡ ಜಿಲ್ಲೆಯವನು. ಮುಂದಿನ ತಿಂಗಳು ನಮ್ಮ ತಾಲ್ಲೂಕಿನಲ್ಲಿ ದೊಡ್ಡ ಯೋಜನೆಯೊಂದರ ಪರಿಸರ ಅಹವಾಲು ಸಭೆ ಇದೆ. ವರದಿ ನೂರಾರು ಪುಟ, ಅದೂ ಇಂಗ್ಲಿಷಿನಲ್ಲಿ. ಬರೆಸಿದ್ದು ಯೋಜನೆ ತರುತ್ತಿರುವ ಕಂಪನಿಯೇ. ನೆದರ್ಲೆಂಡ್ಸ್‌ನಲ್ಲಿರುವ ನನ್ನ ಭಾವಮೈದುನ "ಇಲ್ಲಿ ಹೀಗೆಲ್ಲ ನಡೆಯುವುದಿಲ್ಲ" ಅನ್ನುತ್ತಾನೆ. ನಿಜಕ್ಕೂ ಬೇರೆ ದೇಶಗಳಲ್ಲಿ ಇದು ಹೇಗೆ ನಡೆಯುತ್ತದೆ? ಯಾರದ್ದು ಚೆನ್ನಾಗಿದೆ? ನಮ್ಮದು ಬರೀ ಶಾಸ್ತ್ರಕ್ಕೆ ಮಾಡುವ ಕೆಲಸವೇ?

ಉತ್ತರ: ನಿಮ್ಮ ಭಾವಮೈದುನ ಹೇಳಿದ್ದು ಅರ್ಧ ನಿಜ. ನೆದರ್ಲೆಂಡ್ಸ್‌ನಲ್ಲೂ ಪರಿಸರ ಪರಿಣಾಮದ ವರದಿ ಬರೆಸುವುದು ಯೋಜನೆ ತರುವವರೇ, ಕನ್ಸಲ್ಟೆಂಟ್‌ಗೆ ದುಡ್ಡು ಕೊಡುವುದೂ ಅವರೇ. ಯುರೋಪಿನ ಉಳಿದ ದೇಶಗಳು, ಜಪಾನ್, ಚೀನಾ, ಕೆನ್ಯಾ ಎಲ್ಲ ಕಡೆಯೂ ಸ್ಥೂಲವಾಗಿ ಇದೇ ಪದ್ಧತಿ. ಅಮೆರಿಕ ಮಾತ್ರ ಸ್ವಲ್ಪ ಬೇರೆ. ಅಲ್ಲಿ ವರದಿಯ ಹೊಣೆ ಅನುಮತಿ ಕೊಡುವ ಕೇಂದ್ರ ಸರ್ಕಾರಿ ಇಲಾಖೆಯದು. ಆದರೆ 2023ರ ತಿದ್ದುಪಡಿಯ ನಂತರ ಇಲಾಖೆಯ ಉಸ್ತುವಾರಿಯಲ್ಲಿ ಕಂಪನಿಯೇ ಬರೆಸಲು ಅಲ್ಲೂ ಅವಕಾಶವಿದೆ. ಹಾಗಾಗಿ "ಕಂಪನಿ ಬರೆಸಿದ ವರದಿ" ಎಂಬ ಒಂದೇ ಕಾರಣಕ್ಕೆ ನಮ್ಮದನ್ನು ಬೇರೆ ಮಾಡಿ ತೆಗೆದಿಡಲು ಬರುವುದಿಲ್ಲ.

ಕಾನೂನಿನ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದರೆ ಏನೂ ಸಿಗುವುದಿಲ್ಲ. ಈ ಯೋಜನೆಗೆ ಅಧ್ಯಯನ ಬೇಕೇ ಎಂದು ಮೊದಲು ತೀರ್ಮಾನಿಸುವುದು, ಏನೇನು ಅಧ್ಯಯನ ಮಾಡಬೇಕೆಂದು ಗೊತ್ತುಮಾಡುವುದು, ವರದಿ ಬರೆಯುವುದು, ಜನರನ್ನು ಕೇಳುವುದು, ಪರಿಶೀಲಿಸುವುದು, ತೀರ್ಮಾನ ಕೊಡುವುದು. ಈ ಹಂತಗಳು ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಇವೆ. ನಾನು ಹೋಲಿಸುವಾಗ ನೋಡುವುದು ಒಂದನ್ನೇ: ವರದಿ ಮೇಜಿನ ಮೇಲೆ ಬಂದು ಬೀಳುವ ಹೊತ್ತಿಗೆ ಯೋಜನೆಯಲ್ಲಿ ಏನನ್ನಾದರೂ ಬದಲಾಯಿಸುವ ಅವಕಾಶ ಉಳಿದಿರುತ್ತದೆಯೇ? ಉಳಿದಿದ್ದರೆ ಕಂಪನಿ ಬರೆಸಿದ ವರದಿಯೂ ಕೆಲಸಕ್ಕೆ ಬರುತ್ತದೆ. ಉಳಿದಿಲ್ಲದಿದ್ದರೆ ವಿಜ್ಞಾನಿಗಳ ಮಹಾಮಂಡಳಿ ಬರೆದದ್ದೂ ಕಪಾಟು ಸೇರುತ್ತದೆ.

ಎಲ್ಲರೂ ನಕಲು ಮಾಡಿದ ಮೂಲ ಪ್ರತಿ ಅಮೆರಿಕದ್ದು. ಅಲ್ಲಿನ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಗೆ ಅಧ್ಯಕ್ಷ ನಿಕ್ಸನ್ 1970ರ ಜನವರಿ 1ರಂದು ಸಹಿ ಹಾಕಿದರು. ಪರಿಸರದ ಮೇಲೆ ಗಣನೀಯ ಪರಿಣಾಮ ಬೀರುವ ಯಾವುದೇ ದೊಡ್ಡ ಕೇಂದ್ರ ಸರ್ಕಾರಿ ಕೆಲಸಕ್ಕೆ ಮುಂಚೆ ವಿವರವಾದ ಹೇಳಿಕೆ ಸಿದ್ಧಪಡಿಸಬೇಕು, ಅದರಲ್ಲಿ ಪರ್ಯಾಯಗಳನ್ನೂ ತೂಗಬೇಕು ಎಂಬುದು ಅದರ ತಿರುಳು. ಪರ್ಯಾಯ ಅಂದರೆ ಕೆಲಸವನ್ನೇ ಮಾಡದಿರುವುದೂ ಸೇರಿ. ಹೊರಗಿನವರು ಇದನ್ನು ಬಲವಾದ ಕಾನೂನು ಎಂದುಕೊಳ್ಳುತ್ತಾರೆ. ಒಂದರ್ಥದಲ್ಲಿ ಹೌದು, ಅರ್ಧ ಶತಮಾನ ಕಾಲ ಅಲ್ಲಿನ ಜನ ಇದನ್ನೇ ಹಿಡಿದು ಕೋರ್ಟಿಗೆ ಹೋಗಿ ಯೋಜನೆಗಳನ್ನು ನಿಲ್ಲಿಸಿದ್ದಾರೆ, ಬದಲಾಯಿಸಿದ್ದಾರೆ. ಆದರೆ ಅದು ಸರ್ಕಾರಕ್ಕೆ "ಹಾನಿ ಮಾಡಬೇಡ" ಎನ್ನುವುದಿಲ್ಲ. "ಗೊತ್ತಿಲ್ಲದೆ ಮಾಡಬೇಡ" ಎನ್ನುತ್ತದೆ, ಅಷ್ಟೆ. ವಾಷಿಂಗ್ಟನ್ ರಾಜ್ಯದ ಮೆಥೋ ಕಣಿವೆಯಲ್ಲಿ ಜಿಂಕೆಗಳು ವಲಸೆ ಹೋಗುವ ಜಾಗದಲ್ಲಿ ಸ್ಕೀ ರೆಸಾರ್ಟ್ ಕಟ್ಟುವ ವ್ಯಾಜ್ಯದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1989ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿತು: ಪರಿಣಾಮ ಏನೆಂದು ಪೂರ್ತಿ ತಿಳಿದುಕೊಂಡ ಮೇಲೆ ಇಲಾಖೆ ಅವಿವೇಕದ ತೀರ್ಮಾನ ಮಾಡಿದರೆ ಈ ಕಾಯ್ದೆ ತಡೆಯುವುದಿಲ್ಲ.

ಈಗ ಗಾಳಿ ಇನ್ನೂ ಬೇರೆ ಕಡೆ ಬೀಸುತ್ತಿದೆ. ಪೂರ್ಣ ವರದಿಯೊಂದಕ್ಕೆ ಸರಾಸರಿ ನಾಲ್ಕೂವರೆ ವರ್ಷ ಹಿಡಿಯುತ್ತದೆ ಎಂದು ಶ್ವೇತಭವನದ ಪರಿಸರ ಮಂಡಳಿಯೇ ಲೆಕ್ಕ ಕೊಟ್ಟಿತ್ತು. 2023ರಲ್ಲಿ ಎರಡು ವರ್ಷ, 150 ಪುಟ ಎಂಬ ಮಿತಿ ಬಂತು. 2025ರ ಮೇ ತಿಂಗಳಲ್ಲಿ ಯೂಟಾ ರಾಜ್ಯದ ಯುಯಿಂಟಾ ಕಣಿವೆಯ ತೈಲ ಸಾಗಿಸುವ 88 ಮೈಲಿ ರೈಲು ಮಾರ್ಗದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಯೋಜನೆಯ ಪರವಾಗಿ 8–0 ತೀರ್ಪು ಕೊಟ್ಟಿತು. ಆ ವರದಿ 3,600 ಪುಟಗಳದ್ದು. ರೈಲು ಬಂದರೆ ಹೆಚ್ಚಾಗುವ ತೈಲಬಾವಿಗಳು, ದೂರದ ಕರಾವಳಿಯ ರಿಫೈನರಿಗಳು ಇವುಗಳ ಪರಿಣಾಮವನ್ನು ಇಲಾಖೆ ಲೆಕ್ಕ ಹಾಕಬೇಕಿಲ್ಲ, ಕೋರ್ಟುಗಳು ಇಲಾಖೆಯ ಮಾತಿಗೆ ಹೆಚ್ಚು ಬೆಲೆ ಕೊಡಬೇಕು ಎಂದಿತು. ಅಮೆರಿಕದ ಮಾದರಿ ನಮಗೆ ಬೇಕು ಎನ್ನುವವರು ಯಾವ ವರ್ಷದ ಅಮೆರಿಕ ಎಂದೂ ಹೇಳಬೇಕಾಗುತ್ತದೆ.

ರೈಲು ಮಾರ್ಗದ ಮಾತು ಬಂದಿದ್ದರಿಂದ ಮೊದಲ ಹಂತವನ್ನೇ ನೋಡೋಣ. ಎಷ್ಟೋ ಯೋಜನೆಗಳ ಹಣೆಬರಹ ನಿರ್ಧಾರವಾಗುವುದು ಇಲ್ಲೇ, ಯಾರ ಗಮನಕ್ಕೂ ಬಾರದ ಹಾಗೆ. ಯುರೋಪಿಯನ್ ಒಕ್ಕೂಟದ ನಿರ್ದೇಶನದಲ್ಲಿ, ಅಂದರೆ ಸದಸ್ಯ ದೇಶಗಳು ಪಾಲಿಸಬೇಕಾದ ಕಾನೂನಿನಲ್ಲಿ, ಎರಡು ಪಟ್ಟಿಗಳಿವೆ. ಮೊದಲ ಪಟ್ಟಿಯಲ್ಲಿದ್ದರೆ ಅಧ್ಯಯನ ಕಡ್ಡಾಯ. ದೂರ ಸಂಚಾರದ ರೈಲು ಮಾರ್ಗಗಳು ಅದರಲ್ಲಿವೆ. ಎರಡನೆಯದರಲ್ಲಿದ್ದರೆ ಅಧ್ಯಯನ ಬೇಕೋ ಬೇಡವೋ ಎಂದು ಅಧಿಕಾರಿಗಳು ನೋಡಬೇಕು, ಬೇಡ ಎಂದರೆ ಕಾರಣ ಬರೆದು ಪ್ರಕಟಿಸಬೇಕು. ನಮ್ಮಲ್ಲಿ ಕೇಂದ್ರ ಸರ್ಕಾರ 2006ರ ಸೆಪ್ಟೆಂಬರ್ 14ರಂದು ಹೊರಡಿಸಿದ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯೊಂದೇ ಗತಿ, ಅದರಲ್ಲಿ ರೈಲು ಮಾರ್ಗ ಎಂಬುದೇ ಇಲ್ಲ. ನಿಮ್ಮ ಜಿಲ್ಲೆಯದೇ ಉದಾಹರಣೆ ಹುಬ್ಬಳ್ಳಿ–ಅಂಕೋಲಾ ಮಾರ್ಗ. ದಟ್ಟ ಕಾಡಿನ ನಡುವೆ ಹಾಯುವ ಈ ಮಾರ್ಗದ ಜಗಳ ಇಷ್ಟು ವರ್ಷ ನಡೆದದ್ದು ಅರಣ್ಯ ಅನುಮತಿ, ವನ್ಯಜೀವಿ ಮಂಡಳಿ, ಕೋರ್ಟು ಇವುಗಳ ಮುಂದೆ. 2006ರ ಅಧಿಸೂಚನೆಯ ಪ್ರಕಾರದ ಅಹವಾಲು ಸಭೆ ಅದಕ್ಕೆ ಬೇಕಾಗಿಯೇ ಇರಲಿಲ್ಲ. ಅದೇ ಕಾಡಿನ ಪಕ್ಕದಲ್ಲಿ ಒಂದು ದೊಡ್ಡ ಗಣಿ ಬಂದರೆ ಬೇಕು. ಇದರ ತರ್ಕ ಏನೆಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಎತ್ತಿನಹೊಳೆಯೂ ಹೀಗೇ. ಸಕಲೇಶಪುರದ ಕಡೆಯ ಹಳ್ಳಗಳಿಂದ 24.01 ಟಿಎಂಸಿ ನೀರೆತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕಳಿಸುವ ಯೋಜನೆ "ಕುಡಿಯುವ ನೀರಿನದು" ಎಂದು ವರ್ಗೀಕರಣವಾದದ್ದರಿಂದ ಪರಿಸರ ಅನುಮತಿಯ ಪ್ರಕ್ರಿಯೆಗೇ ಬರಲಿಲ್ಲ. ಇಲ್ಲಿ ಯುರೋಪನ್ನು ತೀರಾ ಹೊಗಳುವಂತೆಯೂ ಇಲ್ಲ. ನದಿ ಕಣಿವೆಗಳ ನಡುವೆ ನೀರು ಸಾಗಿಸುವ ಬಗ್ಗೆ ಅವರ ಮೊದಲ ಪಟ್ಟಿಯಲ್ಲೂ ಕೊಳವೆಯಲ್ಲಿ ಹೋಗುವ ಕುಡಿಯುವ ನೀರಿಗೆ ವಿನಾಯಿತಿ ಇದೆ. ವ್ಯತ್ಯಾಸ ಏನೆಂದರೆ, ಅಲ್ಲಿ ಮೊದಲ ಪಟ್ಟಿಯಿಂದ ಜಾರಿದ್ದು ಎರಡನೆಯದರಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮಲ್ಲಿ ಹೆಸರಿನಿಂದ ಜಾರಿದರೆ ಜಾರಿದಂತೆಯೇ.

ಇನ್ನು ಪರ್ಯಾಯದ ಪ್ರಶ್ನೆ. ನನಗೆ ಇಷ್ಟವಾದ ಕಥೆ ಜಪಾನಿನದು. ನಗೋಯಾ ನಗರದ ಕಸ ಸುರಿಯಲು ಜಾಗ ಮುಗಿಯುತ್ತಾ ಬಂದಿತ್ತು. ಇಸೆ ಕೊಲ್ಲಿಯ ತುದಿಯಲ್ಲಿ ಫುಜಿಮಾಯೆ ಎಂಬ ಉಬ್ಬರವಿಳಿತದ ಕೆಸರು ಬಯಲು ಇದೆ. ನೀರು ಇಳಿದಾಗ ವಲಸೆ ಹಕ್ಕಿಗಳು ಹಿಂಡುಹಿಂಡಾಗಿ ಮೇಯಲು ಇಳಿಯುವ ಜಾಗ. ಅದನ್ನೇ ಕಸದಿಂದ ತುಂಬಿಸುವುದೆಂದು ನಗರಾಡಳಿತ ಹೊರಟಿತು. ಪರಿಣಾಮದ ಅಧ್ಯಯನ ಆಯಿತು. ಮೊದಲಿಗೆ ಅಂಥ ತೊಂದರೆಯೇನಿಲ್ಲ ಎಂಬ ಧಾಟಿ. ಪರಿಶೀಲಿಸಿದ ತಜ್ಞರು 1998ರಲ್ಲಿ ಪರಿಣಾಮ ಆಗಿಯೇ ಆಗುತ್ತದೆ ಎಂದರು. ಆಗ ನಗರಾಡಳಿತ "ಹಾಗಾದರೆ ಪಕ್ಕದಲ್ಲಿ ಕೃತಕ ಕೆಸರು ಬಯಲು ಮಾಡಿಕೊಡುತ್ತೇವೆ" ಎಂಬ ಪರಿಹಾರ ಹುಡುಕಿತು. ನಮ್ಮ ವರದಿಗಳಲ್ಲಿ "ಪ್ರತಿಯಾಗಿ ಹತ್ತು ಪಟ್ಟು ಸಸಿ ನೆಡಲಾಗುವುದು" ಎಂದಿರುತ್ತದಲ್ಲ, ಅದರ ಜಪಾನಿ ಆವೃತ್ತಿ. ಕೇಂದ್ರದ ಪರಿಸರ ಸಂಸ್ಥೆ ಇದನ್ನು ಒಪ್ಪಲಿಲ್ಲ. 1999ರ ಜನವರಿಯಲ್ಲಿ ಯೋಜನೆ ಕೈಬಿಟ್ಟರು. ಮರು ತಿಂಗಳೇ ನಗರದಲ್ಲಿ ಕಸದ ತುರ್ತುಸ್ಥಿತಿ ಘೋಷಿಸಿ ಮನೆಮನೆಯಲ್ಲೂ ಬೇರೆಬೇರೆ ಮಾಡಿಸತೊಡಗಿದರು. ಎರಡೇ ವರ್ಷದಲ್ಲಿ ಕಸ ಐದರಲ್ಲೊಂದು ಭಾಗದಷ್ಟು ಇಳಿಯಿತು. ಫುಜಿಮಾಯೆ 2002ರಲ್ಲಿ ರಾಮ್ಸಾರ್ ತಾಣವಾಯಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಸೇರಿತು.

ಅಷ್ಟು ವರ್ಷ ಆಡಳಿತ ಕೇಳಿಕೊಳ್ಳುತ್ತಿದ್ದದ್ದು "ಕಸ ಎಲ್ಲಿ ಸುರಿಯೋಣ" ಎಂದು. ಒಂದು ಜಾಗ ತಪ್ಪಿದ ಮೇಲೆಯೇ "ಇಷ್ಟು ಕಸ ಯಾಕೆ" ಎಂಬ ಪ್ರಶ್ನೆ ಹುಟ್ಟಿದ್ದು. ಒಳ್ಳೆಯ ಪರಿಣಾಮ ಅಧ್ಯಯನ ಈ ಎರಡನೇ ಪ್ರಶ್ನೆಯನ್ನು ಮೊದಲೇ ಕೇಳಿಸಬೇಕು. ನಮ್ಮ ಅಧಿಸೂಚನೆಯ ಮಾದರಿ ವರದಿಯಲ್ಲಿ ಇದಕ್ಕೆಂದೇ ಐದನೇ ಅಧ್ಯಾಯವಿದೆ: "ಪರ್ಯಾಯಗಳ ವಿಶ್ಲೇಷಣೆ". ನಾನು ಓದಿದ ಬಹುಪಾಲು ವರದಿಗಳಲ್ಲಿ ಅತಿ ತೆಳ್ಳಗಿನ ಅಧ್ಯಾಯ ಅದೇ. ಮೂರು ಜಾಗ ನೋಡಿದೆವು, ಎರಡು ಸರಿಹೋಗಲಿಲ್ಲ, ಉಳಿದದ್ದು ಇದು. ಭೂಮಿ ಕೊಂಡಾದ ಮೇಲೆ ಬರೆದ ಅಧ್ಯಾಯ ಬೇರೆ ಹೇಗೆ ಇದ್ದೀತು!

ಈಗ ನಿಮ್ಮ ಭಾವಮೈದುನನ ಮಾತಿನ ನಿಜವಾದ ಅರ್ಧಕ್ಕೆ ಬರೋಣ. ನೆದರ್ಲೆಂಡ್ಸ್‌ನಲ್ಲಿ 1987ರಿಂದ ಒಂದು ಸ್ವತಂತ್ರ ಪರಿಸರ ಪರಿಣಾಮ ಆಯೋಗವಿದೆ. ಅದು ಸರ್ಕಾರದ ಇಲಾಖೆಯೂ ಅಲ್ಲ, ಅನುಮತಿ ಕೊಡುವ ಪ್ರಾಧಿಕಾರವೂ ಅಲ್ಲ. ಪ್ರತಿ ಪ್ರಕರಣಕ್ಕೂ ಆ ವಿಷಯ ಬಲ್ಲವರ ಸಣ್ಣ ತಂಡ ಕಟ್ಟಿ ವರದಿ ಓದಿಸುತ್ತದೆ. ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವುದಿಲ್ಲ. ತೀರ್ಮಾನ ಕೈಗೊಳ್ಳಲು ಬೇಕಾದ ಮಾಹಿತಿ ಈ ವರದಿಯಲ್ಲಿ ಇದೆಯೇ, ಇಲ್ಲವೇ, ಇಲ್ಲದಿದ್ದರೆ ಯಾವುದಿಲ್ಲ ಎಂದಷ್ಟೇ ಬರೆದು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ದೊಡ್ಡ ಯೋಜನಾ ನೀಲನಕ್ಷೆಗಳಿಗೆ ಇದರ ಅಭಿಪ್ರಾಯ ಕಡ್ಡಾಯ, ಬಿಡಿ ಪ್ರಾಜೆಕ್ಟುಗಳಿಗೆ ಅಧಿಕಾರಿಗಳು ಬಯಸಿದರೆ. ಇಂಥ ಅಭಿಪ್ರಾಯಕ್ಕೆ ಕಾನೂನಿನ ಬಲ ಕಡಿಮೆ, ಆದರೂ "ಮಾಹಿತಿ ಸಾಲದು" ಎಂದು ಅಚ್ಚಾದ ವರದಿಯ ಮೇಲೆ ಅನುಮತಿ ಕೊಟ್ಟು ಕೋರ್ಟಿನ ಮುಂದೆ ನಿಲ್ಲಲು ಯಾವ ಅಧಿಕಾರಿಗೂ ಮನಸ್ಸಾಗುವುದಿಲ್ಲ.

ನಮ್ಮಲ್ಲೂ ತಜ್ಞರ ಸಮಿತಿಗಳಿವೆ. ಕೇಂದ್ರದಲ್ಲಿ ಒಂದೊಂದು ವಲಯಕ್ಕೆ ಒಂದೊಂದು, ರಾಜ್ಯಗಳಲ್ಲಿ ರಾಜ್ಯ ಮಟ್ಟದವು. ಆದರೆ ಅವು ವರದಿಯ ಗುಣಮಟ್ಟವನ್ನೂ ಯೋಜನೆಯ ಯೋಗ್ಯತೆಯನ್ನೂ ಒಟ್ಟಿಗೇ ನೋಡಬೇಕು, ಒಂದೇ ದಿನದ ಸಭೆಯಲ್ಲಿ ಹಲವು ಕಡತ ಮುಗಿಸಬೇಕು. ಅಂತಿಮ ವರದಿ ಬಂದ 60 ದಿನದೊಳಗೆ ಸಮಿತಿ, ಮುಂದಿನ 45 ದಿನದೊಳಗೆ ಪ್ರಾಧಿಕಾರ ತೀರ್ಮಾನಿಸಬೇಕೆಂದು 2006ರ ಅಧಿಸೂಚನೆ ಹೇಳುತ್ತದೆ. 2022ರ ಜನವರಿಯಲ್ಲಿ ಕೇಂದ್ರ ಸಚಿವಾಲಯ ರಾಜ್ಯ ಪ್ರಾಧಿಕಾರಗಳಿಗೆ ಅಂಕ ಕೊಡುವ ಪದ್ಧತಿಯನ್ನೇ ತಂದಿತು: ಬೇಗ ಅನುಮತಿ ಕೊಟ್ಟವರಿಗೆ ಹೆಚ್ಚು ಅಂಕ!

ಅವಸರದಲ್ಲಿ ಏನೇನು ಜಾರಿಹೋಗುತ್ತದೆ ಎನ್ನಲು ಎರಡು ಪ್ರಸಂಗ. ಮಹಾರಾಷ್ಟ್ರದ ರತ್ನಾಗಿರಿಯ ಬಾಕ್ಸೈಟ್ ಗಣಿಯೊಂದರ ವರದಿಯಲ್ಲಿ ಸುತ್ತಲ ಹಕ್ಕಿಗಳ ವಾಸ ಸ್ಪ್ರೂಸ್ ಮತ್ತು ಬರ್ಚ್ ಮರಗಳ ಕಾಡು ಎಂದು ಬರೆದಿತ್ತು. ಕೊಂಕಣದಲ್ಲಿ ಬರ್ಚ್! ರಷ್ಯಾದ ಬಾಕ್ಸೈಟ್ ಗಣಿಯ ವರದಿಯಿಂದ ಭಾಗಗಳನ್ನು ಎತ್ತಿ ಅಂಟಿಸಿದ್ದರು. ಇನ್ನೊಂದು ಅರುಣಾಚಲದ ತವಾಂಗ್ ಜಿಲ್ಲೆಯ 780 ಮೆಗಾವಾಟ್ ನ್ಯಾಮ್‌ಜಾಂಗ್ ಛೂ ಜಲವಿದ್ಯುತ್ ಯೋಜನೆ. ಬ್ಯಾರೇಜು ಬರಬೇಕಿದ್ದ ಜಾಗ ಕಪ್ಪು ಕತ್ತಿನ ಕ್ರೌಂಚ ಪಕ್ಷಿ ಚಳಿಗಾಲ ಕಳೆಯುವ ತಾಣ. ಅಲ್ಲಿನ ಮೊಂಪಾ ಜನರಿಗೆ ಅದು ಆರನೇ ದಲೈ ಲಾಮಾರ ನೆನಪಿನ ಪವಿತ್ರ ಪಕ್ಷಿ. ಊರಿನ ಮಕ್ಕಳಿಗೂ ಗೊತ್ತಿದ್ದ ಈ ಹಕ್ಕಿ ಪರಿಣಾಮ ವರದಿಯಲ್ಲಿ ಇರಲೇ ಇಲ್ಲ. ಸ್ಥಳೀಯ ಸಂಘಟನೆ ಹಸಿರು ನ್ಯಾಯಮಂಡಳಿಗೆ ಹೋಯಿತು. 2016ರ ಏಪ್ರಿಲ್‌ನಲ್ಲಿ ಅನುಮತಿ ಅಮಾನತಾಯಿತು, ಹೊಸದಾಗಿ ಅಧ್ಯಯನ ಮಾಡಿ ಎಂಬ ಆದೇಶ ಬಂತು.

ಈ ಎರಡನೇ ಪ್ರಸಂಗದಲ್ಲಿ ನಮ್ಮ ವ್ಯವಸ್ಥೆಯ ಒಂದು ಒಳ್ಳೆಯ ಗುಣವೂ ಇದೆ. ವಿಜ್ಞಾನ ಬಲ್ಲ ಸದಸ್ಯರೂ ನ್ಯಾಯಾಧೀಶರೂ ಒಟ್ಟಿಗೆ ಕೂರುವ ಪರಿಸರ ನ್ಯಾಯಮಂಡಳಿ ಎಷ್ಟೋ ಶ್ರೀಮಂತ ದೇಶಗಳಲ್ಲಿ ಇಲ್ಲ. ಕೆನ್ಯಾದಲ್ಲಿದೆ. ಅಲ್ಲಿ ಲಾಮು ಕರಾವಳಿಯ 1,050 ಮೆಗಾವಾಟ್ ಕಲ್ಲಿದ್ದಲು ಸ್ಥಾವರಕ್ಕೆ ಕೊಟ್ಟಿದ್ದ ಪರಿಸರ ಪರವಾನಗಿಯನ್ನು ಅಲ್ಲಿನ ನ್ಯಾಯಮಂಡಳಿ 2019ರ ಜೂನ್‌ನಲ್ಲಿ ರದ್ದು ಮಾಡಿತು. ಮುಖ್ಯ ಕಾರಣ, ಪೂರ್ತಿ ವರದಿ ಸಿದ್ಧವಾದ ಮೇಲೆ ಜನರನ್ನು ಸರಿಯಾಗಿ ಕೇಳಿರಲಿಲ್ಲ.

ಜನರನ್ನು ಕೇಳುವುದು ಅಂದರೆ ಹೇಗಿರಬೇಕು ಎಂದು ತಿಳಿಯಬೇಕಾದರೆ ಕೆನಡಾದ 1974ಕ್ಕೆ ಹೋಗಬೇಕು. ಆರ್ಕ್ಟಿಕ್ ಕರಾವಳಿಯ ಅನಿಲವನ್ನು ದಕ್ಷಿಣಕ್ಕೆ ತರಲು ಮೆಕೆಂಜಿ ನದಿ ಕಣಿವೆಯುದ್ದಕ್ಕೂ ಕೊಳವೆ ಮಾರ್ಗ ಹಾಕುವ ಯೋಜನೆ. ಅದರ ಪರಿಣಾಮ ವಿಚಾರಿಸಲು ಸರ್ಕಾರ ಥಾಮಸ್ ಬರ್ಗರ್ ಎಂಬ ನ್ಯಾಯಾಧೀಶರನ್ನು ನೇಮಿಸಿತು. ಅವರು ಯೆಲ್ಲೊನೈಫ್ ಪಟ್ಟಣದಲ್ಲಿ ಕಂಪನಿಗಳ, ತಜ್ಞರ ಸಾಕ್ಷ್ಯ ಕೇಳುವುದರ ಜೊತೆಗೆ ಕಣಿವೆಯ 35 ಊರುಗಳಿಗೆ ತಾವೇ ಹೋದರು. ಸುಮಾರು ಸಾವಿರ ಜನ ಅವರೆದುರು ಮಾತಾಡಿದರು. ಬೇಟೆಗಾರರು, ಮೀನು ಹಿಡಿಯುವವರು, ಅಜ್ಜಿಯರು ತಮ್ಮತಮ್ಮ ಭಾಷೆಯಲ್ಲಿ. ರೇಡಿಯೋ ಪ್ರತಿದಿನ ಆ ಭಾಷೆಗಳಲ್ಲಿ ವಿಚಾರಣೆಯ ಸುದ್ದಿ ಬಿತ್ತರಿಸುತ್ತಿತ್ತು, ಹಾಗಾಗಿ ಒಂದೂರಿನಲ್ಲಿ ಕಂಪನಿ ಹೇಳಿದ್ದು ಮುಂದಿನೂರಿನವರಿಗೆ ಮೊದಲೇ ಗೊತ್ತು. ಎಲ್ಲಕ್ಕಿಂತ ದೊಡ್ಡ ಸಂಗತಿ, ಮೂಲನಿವಾಸಿ ಸಂಘಟನೆಗಳಿಗೂ ಪರಿಸರ ಗುಂಪುಗಳಿಗೂ ಸ್ವಂತ ತಜ್ಞರನ್ನು, ವಕೀಲರನ್ನು ಇಟ್ಟುಕೊಳ್ಳಲು ಸರ್ಕಾರವೇ ಹಣ ಕೊಟ್ಟಿತು. 1977ರ ವರದಿಯಲ್ಲಿ ಬರ್ಗರ್ ಪಕ್ಕದ ಯೂಕಾನ್ ಪ್ರದೇಶದ ಉತ್ತರ ಭಾಗ ದಾಟಿ ಕೊಳವೆ ಎಂದಿಗೂ ಬೇಡ, ಮೆಕೆಂಜಿ ಕಣಿವೆಯಲ್ಲಿ ಮೂಲನಿವಾಸಿಗಳ ಭೂಹಕ್ಕು ತೀರ್ಮಾನವಾಗುವವರೆಗೆ ಹತ್ತು ವರ್ಷ ಬೇಡ ಎಂದರು.

ಆ ವಿಚಾರಣೆ ಒಂದು ಅಪವಾದ, ಕೆನಡಾದಲ್ಲಿ ದಿನಾ ಹಾಗೆ ನಡೆಯುತ್ತದೆ ಎಂದುಕೊಳ್ಳಬೇಡಿ. ಅಲ್ಲಿನ 2019ರ ಪರಿಣಾಮ ಅಧ್ಯಯನ ಕಾಯ್ದೆಯನ್ನು ಅವರದೇ ಸುಪ್ರೀಂ ಕೋರ್ಟ್ 2023ರಲ್ಲಿ ಬಹುಪಾಲು ಸಂವಿಧಾನಬಾಹಿರ ಎಂದಿತು, ಮರು ವರ್ಷ ತಿದ್ದುಪಡಿ ಮಾಡಬೇಕಾಯಿತು. ಆದರೆ ಎರಡು ಅಂಶ ಉಳಿದುಕೊಂಡಿವೆ. ಭಾಗವಹಿಸುವವರಿಗೆ ಹಣಕಾಸಿನ ನೆರವು ಒಂದು. ಇನ್ನೊಂದು, ವರದಿ ಬರೆಯಲು ಶುರುಮಾಡುವ ಮೊದಲೇ ಜನರನ್ನು ಕೇಳಲು 180 ದಿನಗಳವರೆಗಿನ ಪೂರ್ವಸಿದ್ಧತೆಯ ಹಂತ.

ನಮ್ಮಲ್ಲಿ ಅಹವಾಲು ಸಭೆ ನಡೆಯುವುದು ಕರಡು ವರದಿ ತಯಾರಾದ ಮೇಲೆ. ಏನೇನು ಅಧ್ಯಯನ ಮಾಡಬೇಕು ಎಂಬುದು ದೆಹಲಿಯಲ್ಲೋ ಬೆಂಗಳೂರಿನಲ್ಲೋ ಎಂದೋ ಗೊತ್ತಾಗಿ, ಜಾಗ ನಿಗದಿಯಾಗಿ, ಎಷ್ಟೋ ಸಲ ಭೂಮಿಯೂ ಕೈಬದಲಾಗಿರುತ್ತದೆ. ಚಪ್ಪರ ಹಾಕಿ, ಓಲಗದವರು ಬಂದು ಕೂತ ಮೇಲೆ ಹುಡುಗಿಯ ಒಪ್ಪಿಗೆ ಕೇಳಿದ ಹಾಗೆ. ಇಂಗ್ಲಿಷಿನ ಪೂರ್ತಿ ವರದಿಗೆ ಕನ್ನಡದಲ್ಲಿ ಸಿಗುವುದು ಸಾರಾಂಶ ಮಾತ್ರ. 2006ರದರ ಬದಲಿಗೆ ತರಲು ಹೊರಟಿದ್ದ 2020ರ ಕರಡು ಅಧಿಸೂಚನೆ ಸಭೆಯ ನೋಟಿಸಿನ ಅವಧಿಯನ್ನು 30ರಿಂದ 20 ದಿನಕ್ಕೆ ಇಳಿಸಲು ಹೊರಟಿತ್ತು. ಆ ಕರಡನ್ನೇ ಜನರ ಭಾಷೆಗಳಲ್ಲಿ ಪ್ರಕಟಿಸಿಲ್ಲವೆಂದು ವ್ಯಾಜ್ಯ ಬಂದಾಗ ಅಂತಿಮ ಅಧಿಸೂಚನೆ ಹೊರಡಿಸದಂತೆ ಆ ಆಗಸ್ಟ್‌ನಲ್ಲಿ ತಾತ್ಕಾಲಿಕ ತಡೆ ಕೊಟ್ಟವುಗಳಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಇತ್ತು.

ತಡವಾಗುವುದರ ಪರಮಾವಧಿ ಅಂದರೆ ಕಟ್ಟಿದ ಮೇಲೆ ಅನುಮತಿ. ಇದರಲ್ಲಿ ಚೀನಾದ ಹಾದಿ ಕುತೂಹಲದ್ದು. ಬೀಜಿಂಗಿನ ಹಳೆಯ ಬೇಸಿಗೆ ಅರಮನೆಯ ಉದ್ಯಾನದ ಕೆರೆಗಳಲ್ಲಿ ನೀರು ಇಂಗದಿರಲಿ ಎಂದು 2005ರಲ್ಲಿ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದರು, ಯಾವ ಅಧ್ಯಯನವೂ ಇಲ್ಲದೆ. ಸುದ್ದಿಯಾಗಿ, ಕೇಂದ್ರದ ಪರಿಸರ ಆಡಳಿತ ಕೆಲಸ ನಿಲ್ಲಿಸಿ ಏಪ್ರಿಲ್ 13ರಂದು ಬಹಿರಂಗ ವಿಚಾರಣೆ ನಡೆಸಿತು. ಆ ದೇಶಕ್ಕೆ ಅದು ಹೊಸದು. ಕೊನೆಗೆ ಕೆಲವೆಡೆ ಹಾಳೆ ಕಿತ್ತು ಜೇಡಿಮಣ್ಣು ಹಾಕಿಸಿದರು. ಆಗಿನ ಕಾನೂನಿನಲ್ಲಿ ಅಧ್ಯಯನವಿಲ್ಲದೆ ಕೆಲಸ ಶುರುಮಾಡಿದರೆ ಗರಿಷ್ಠ ದಂಡ 2 ಲಕ್ಷ ಯುವಾನ್. ಸಾವಿರಾರು ಕೋಟಿಯ ಅಣೆಕಟ್ಟಿಗೆ ಅದು ಚಹಾ ಖರ್ಚಿಗೂ ಸಮವಲ್ಲ. 2016ರಲ್ಲಿ ಅದನ್ನು ಒಟ್ಟು ಹೂಡಿಕೆಯ ಶೇ 1ರಿಂದ 5ಕ್ಕೆ ಏರಿಸಿದರು, ಮೊದಲಿನ ಸ್ಥಿತಿಗೆ ತರಬೇಕೆಂದು ಆದೇಶಿಸುವ ಅಧಿಕಾರವನ್ನೂ ಸೇರಿಸಿದರು. ಅಲ್ಲಿನ ಜನರಿಗೆ ಸರ್ಕಾರದ ವಿರುದ್ಧ ಕೋರ್ಟಿಗೆ ಹೋಗುವ ದಾರಿ ಕಿರಿದು, ಅದನ್ನು ಮರೆಯುವಂತಿಲ್ಲ. ಆದರೆ ದಂಡದ ಲೆಕ್ಕದಲ್ಲಿ ಅವರು ಬಿಗಿಯಾಗುತ್ತಿದ್ದಾಗ ನಾವು ಸಡಿಲವಾಗುತ್ತಿದ್ದೆವು. 2017ರ ಅಧಿಸೂಚನೆ, 2021ರ ಕಚೇರಿ ಆದೇಶ ಇವೆರಡೂ ಅನುಮತಿಯಿಲ್ಲದೆ ನಡೆದ ಯೋಜನೆಗಳಿಗೆ ಆಮೇಲೆ ಅನುಮತಿ ಪಡೆಯುವ ಬಾಗಿಲು ತೆರೆದವು. ಸುಪ್ರೀಂ ಕೋರ್ಟ್ 2025ರ ಮೇ 16ರಂದು ಎರಡನ್ನೂ ರದ್ದು ಮಾಡಿತು. ಆರು ತಿಂಗಳಲ್ಲಿ, ನವೆಂಬರ್ 18ರಂದು, 2–1 ಬಹುಮತದಿಂದ ಆ ತೀರ್ಪನ್ನೇ ಹಿಂಪಡೆಯಿತು. ನನ್ನ ಅಭಿಪ್ರಾಯ ಕೇಳಿದರೆ ಮೇ ತಿಂಗಳ ತೀರ್ಪೇ ಸರಿಯಿತ್ತು. ಆಮೇಲೆ ಕೊಡುವ ಅನುಮತಿಯಲ್ಲಿ ಬದಲಾಯಿಸಲು ಏನು ಉಳಿದಿರುತ್ತದೆ?

"ಬೇಡ" ಎನ್ನುವ ಅಧಿಕಾರ ಯಾವ ದೇಶದಲ್ಲೂ ಹೆಚ್ಚಾಗಿ ಬಂದಿರುವುದು ಪಕ್ಕದ ಇನ್ನೊಂದು ಕಾನೂನಿನಿಂದ. ಯುರೋಪಿನಲ್ಲಿ ಅದು ಆವಾಸಸ್ಥಾನ ರಕ್ಷಣೆಯ ನಿರ್ದೇಶನ. ನೆದರ್ಲೆಂಡ್ಸ್ ಕರಾವಳಿಯ ವಾಡನ್ ಸಮುದ್ರದಲ್ಲಿ ಯಂತ್ರಗಳಿಂದ ಚಿಪ್ಪುಮೀನು ಬಾಚುವ ಬಗ್ಗೆ 2004ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿದ್ದು ಇಷ್ಟು: ಸಂರಕ್ಷಿತ ತಾಣಕ್ಕೆ ಹಾನಿಯಾಗುವುದಿಲ್ಲ ಎಂಬ ಬಗ್ಗೆ ವೈಜ್ಞಾನಿಕವಾಗಿ ಸಕಾರಣ ಸಂದೇಹ ಉಳಿದಿದ್ದರೆ ಅನುಮತಿ ಕೊಡುವ ಹಾಗಿಲ್ಲ. ಇದೇ ಸೂತ್ರದ ಮೇಲೆ 2019ರ ಮೇ ತಿಂಗಳಲ್ಲಿ ಡಚ್ ಉನ್ನತ ಆಡಳಿತ ನ್ಯಾಯಾಲಯ ಸಾರಜನಕ ಹೊರಬಿಡುವ ಹೈನುಗಾರಿಕೆ, ಕಟ್ಟಡದಂಥ ಕೆಲಸಗಳಿಗೆ ಅವರು ಕೊಡುತ್ತಿದ್ದ ಪರವಾನಗಿಯ ವ್ಯವಸ್ಥೆಯನ್ನೇ ಅಸಿಂಧುಗೊಳಿಸಿ ಸುಮಾರು 18,000 ಯೋಜನೆಗಳು ನಿಂತುಹೋದವು. ರೈತರು ಟ್ರ್ಯಾಕ್ಟರ್ ತಂದು ಹೆದ್ದಾರಿ ತಡೆದದ್ದು ನಿಮ್ಮ ಭಾವಮೈದುನನಿಗೆ ನೆನಪಿರಬಹುದು. ನಮ್ಮಲ್ಲಿ ಹಾಗೆ ಹಲ್ಲಿರುವ ಕಾನೂನು 2006ರ ಅರಣ್ಯ ಹಕ್ಕು ಕಾಯ್ದೆ. ಒಡಿಶಾದ ನಿಯಮಗಿರಿ ಬಾಕ್ಸೈಟ್ ಗಣಿಯ ಬಗ್ಗೆ ಗ್ರಾಮಸಭೆಗಳನ್ನು ಕೇಳಿ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಸಭೆ ಸೇರಿದ 12 ಹಳ್ಳಿಗಳೂ ಬೇಡ ಎಂದವು. ಗಣಿ ಬರಲಿಲ್ಲ.

ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಶಾಸ್ತ್ರಕ್ಕೆ ಮಾಡುವವರಿಗೆ ಶಾಸ್ತ್ರ, ಹಿಡಿದು ಕೂತವರಿಗೆ ಅದರಲ್ಲಿ ಸಾಕಷ್ಟು ಹಿಡಿಗಳಿವೆ. ನೂರಾರು ಪುಟ ಓದಬೇಕಿಲ್ಲ. ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯಿತಿಯಲ್ಲಿ ಕರಡು ವರದಿ ನೋಡಲು ಇಟ್ಟಿರಬೇಕು. ಮೊದಲು ಪರಿಸರ ಅನುಮತಿಗಳ ಸರ್ಕಾರಿ ಜಾಲತಾಣವಾದ ಪರಿವೇಶ್ ಪೋರ್ಟಲ್‌ನಿಂದ, ಏನು ಅಧ್ಯಯನ ಮಾಡಬೇಕೆಂದು ಸಮಿತಿ ಕೊಟ್ಟ ಷರತ್ತುಪತ್ರ ಇಳಿಸಿಕೊಂಡು ಅದರ ಪ್ರತಿ ಅಂಶ ವರದಿಯಲ್ಲಿ ಎಲ್ಲಿದೆ ಎಂದು ಹುಡುಕಿ. ಮೂರನೇ ಅಧ್ಯಾಯದಲ್ಲಿ ಸಮೀಕ್ಷೆ ನಡೆದ ತಿಂಗಳುಗಳನ್ನು ನೋಡಿ. ಎಷ್ಟೋ ಯೋಜನೆಗಳಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕು ಎಂಬ ರೂಢಿಯಿದೆ. ಘಟ್ಟದಲ್ಲಿ ಕಪ್ಪೆಗಳು ಕೂಗುವುದು, ಒರತೆಗಳು ಏಳುವುದು, ಗುಡ್ಡ ಜರಿಯುವುದು ಎಲ್ಲ ಮಳೆಗಾಲದಲ್ಲೇ. ಮಾರ್ಚ್‌ನಿಂದ ಮೇವರೆಗೆ ತಿರುಗಿದವರಿಗೆ ಅವು ಕಾಣುವುದಾದರೂ ಹೇಗೆ ಎಂದು ಸಭೆಯಲ್ಲಿ ಕೇಳಿ. ಆಮೇಲೆ ಐದನೇ ಅಧ್ಯಾಯ, ಪರ್ಯಾಯದ್ದು. ಕೊನೆಯ ಅಧ್ಯಾಯದಲ್ಲಿ ವರದಿ ತಯಾರಿಸಿದವರ ವಿವರ ಇರುತ್ತದೆ. ಸಸ್ಯ, ಪ್ರಾಣಿಗಳ ಭಾಗ ಬರೆದವರು ಯಾರು ಎಂದು ಅಲ್ಲಿ ನೋಡಿ.

ಮಾತಿನಲ್ಲಿ ಹೇಳುವುದನ್ನೆಲ್ಲ ಬರೆದು, ಸಭೆಗೆ ಮುಂಚೆಯೇ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕನ್ನಡದಲ್ಲೇ ಬರೆಯಿರಿ. ಸಭೆ ಮುಗಿದ ಕೂಡಲೇ ಎದ್ದು ಹೊರಡಬೇಡಿ, ಹೆಚ್ಚಿನವರು ಎಡವುವುದು ಇಲ್ಲೇ. ನಡೆದದ್ದರ ಸಾರಾಂಶವನ್ನು ಅಲ್ಲೇ ಸಭಿಕರಿಗೆ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು, ಒಪ್ಪಿದ ನಡಾವಳಿಗೆ ಅಂದೇ ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಸಭೆ ನಡೆಸಿದ ಅಧಿಕಾರಿ ಸಹಿ ಹಾಕಬೇಕು ಎಂದು ಅಧಿಸೂಚನೆಯ ನಾಲ್ಕನೇ ಅನುಬಂಧದಲ್ಲಿದೆ. ಅದನ್ನು ಓದಿಸಿ, ನಿಮ್ಮ ಆಕ್ಷೇಪ ಅದರಲ್ಲಿ ಬಿಟ್ಟುಹೋಗಿದ್ದರೆ ಆಗಲೇ ಸೇರಿಸಿಸಿ. ಇಡೀ ಸಭೆಯ ವಿಡಿಯೋ ಚಿತ್ರೀಕರಣವೂ ಕಡ್ಡಾಯ.

ಅನುಮತಿ ಸಿಕ್ಕೇ ಬಿಟ್ಟರೆ ಕಂಪನಿ ಅದನ್ನು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಿಸಬೇಕಾಗುತ್ತದೆ. ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ, ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಇನ್ನು 60 ದಿನ, ಅದರಾಚೆ ಒಂದು ದಿನವೂ ಸಿಗುವುದಿಲ್ಲ. ಆ ಪ್ರಕಟಣೆಯ ಕತ್ತರಿಕೆಯನ್ನು ತಾರೀಖು ಕಾಣುವಂತೆ ತೆಗೆದಿಟ್ಟುಕೊಳ್ಳಿ.